ರಾಯಲ್ಪಾಡಿಗೊಂದು ಹಸಿರು ಚುಕ್ಕಿ

ಮುರಳಿಮೋಹನನ ತಲೆನೋವಿಗೆಲ್ಲ ಕಾರಣ ಗೋಡೆಯ ಮೇಲಿನ ಒಂದು ಖಾಲಿ ಜಾಗ. ಅದು ಅಂಗೈ ಅಗಲವೂ ಇರಲಿಲ್ಲ. ಕೋಲಾರದ ಕಾಲೇಜೊಂದರ ಪ್ರಾಣಿಶಾಸ್ತ್ರ ವಿಭಾಗದಲ್ಲಿ, ಭಾರತಮ್ಮ ಮೇಡಂ ಅವರ ಕುರ್ಚಿಯ ಹಿಂದೆ, ಜಿಲ್ಲೆಯ ದೊಡ್ಡ ನಕ್ಷೆಯೊಂದನ್ನು ತೂಗುಹಾಕಿದ್ದರು. ಯಾವ ಜಾತಿಯ ಸುಂಡಿಲಿ ಎಲ್ಲೆಲ್ಲಿ ಸಂಸಾರ ಹೂಡಿದೆ ಎಂದು ತೋರಿಸುವ ನಕ್ಷೆ ಅದು. ಅಡುಗೆಮನೆಯ ಗೋಡೆಗುಂಟ ಚೀಂವ್ ಚೀಂವ್ ಎನ್ನುತ್ತ ಓಡಿ, ಹೋದಲ್ಲೆಲ್ಲ ನಾತ ಬಿಟ್ಟುಹೋಗುವ ಮನೆ ಸುಂಡಿಲಿಗೆ ಕೆಂಪು ಚುಕ್ಕಿ. ಹೆಬ್ಬೆರಳಿಗಿಂತ ಚೂರೇ ಉದ್ದವಿದ್ದು, ಒಂದು ರೂಪಾಯಿ ನಾಣ್ಯಕ್ಕಿಂತ ಹಗುರವಾದ ಕಿರು ಸುಂಡಿಲಿಗೆ ಹಸಿರು ಚುಕ್ಕಿ. ಕೆಂಪು ಚುಕ್ಕಿಗಳು ಜಿಲ್ಲೆಗೆಲ್ಲ ದಡಾರ ಎದ್ದ ಹಾಗೆ ಹರಡಿಕೊಂಡಿದ್ದವು. ಹಸಿರು ಚುಕ್ಕಿ ಮಾಲೂರಿನಲ್ಲಿತ್ತು, ಕೋಲಾರದಲ್ಲಿತ್ತು, ಮುಳಬಾಗಿಲಿನಲ್ಲಿತ್ತು. ಶ್ರೀನಿವಾಸಪುರ ತಾಲ್ಲೂಕಿನಲ್ಲಿ ಮಾತ್ರ ಒಂದೇ ಒಂದು ಇರಲಿಲ್ಲ.

ಶ್ರೀನಿವಾಸಪುರ ತಾಲ್ಲೂಕು ಮುರಳಿಯ ಪಾಲಿಗೆ ಬಂದಿತ್ತು.

ಹಾಗಂತ ಅವನನ್ನು ಸೋಮಾರಿ ಎಂದು ಯಾರೂ ತಿಳಿಯಬಾರದು. ಕಿರು ಸುಂಡಿಲಿ ಇಲಿಬೋನಿಗೆ ಬೀಳುವ ಪ್ರಾಣಿಯಲ್ಲ. ಬೋನಿನ ಬಾಗಿಲು ಮುಚ್ಚಿಕೊಳ್ಳಲು ಬೇಕಾದ ಭಾರವೂ ಆ ಜೀವಕ್ಕಿಲ್ಲ. ಆದ್ದರಿಂದ ತಗಡಿನ ಡಬ್ಬವನ್ನು ಕಂಠದವರೆಗೆ ನೆಲದಲ್ಲಿ ಹೂತು, ತಾನಾಗಿ ಕಾಲು ಜಾರಿ ಬೀಳಲಿ ಎಂದು ಕಾಯಬೇಕು. ಮುರಳಿ ಮೂರು ತಿಂಗಳಿಂದ ತಾಲ್ಲೂಕಿನ ಹೊಲದ ಬದುಗಳಲ್ಲೆಲ್ಲ ಡಬ್ಬ ಹೂತು ಕಾದಿದ್ದ. ಅವನ ಡಬ್ಬಗಳಿಗೆ ಕಪ್ಪೆ ಬಿತ್ತು, ಚೇಳು ಬಿತ್ತು, ಒಮ್ಮೆ ಕತ್ತಲಲ್ಲಿ ಚೊಂಬು ಹಿಡಿದು ಹೊರಟಿದ್ದ ಯಜಮಾನರೊಬ್ಬರ ಕಾಲೂ ಬಿತ್ತು. ಕಿರು ಸುಂಡಿಲಿ ಬೀಳಲಿಲ್ಲ.

ಆ ಶನಿವಾರ ಬೆಳಿಗ್ಗೆ ಮೇಡಂ ಅವನನ್ನು ಕರೆದರು.

"ಮುರಳಿ, ಸೋಮವಾರ ನಕ್ಷೆ ಬೆಂಗಳೂರಿಗೆ ಹೋಗುತ್ತೆ. ಉಳಿದಿರೋದು ರಾಯಲ್ಪಾಡು ಒಂದೇ. ಇವತ್ತು ಹೋಗಿ ನೋಡ್ಕೊಂಡು ಬಂದ್ಬಿಡಿ."

"ಆಗ್ಲಿ ಮೇಡಂ."

"ಇದರ ಎರಡನೇ ಹಂತ ಮೂರು ವರ್ಷದ್ದು. ಒಬ್ಬರನ್ನ ಮಾತ್ರ ತಗೊಳ್ಳೋಕಾಗೋದು. ಅದೆಲ್ಲಾ ಇವತ್ತು ನೀವು ತರೋ ರಿಪೋರ್ಟಿನ ಮೇಲೇ ನಿಂತಿದೆ. ಗೊತ್ತಾಯ್ತಲ್ಲ?"

ಗೊತ್ತಾಗದೆ ಏನು? ಮಾಲೂರು, ಮುಳಬಾಗಿಲುಗಳಿಗೆ ಹಸಿರು ಚುಕ್ಕಿ ಇಟ್ಟವಳು ಅವನ ಸಹೋದ್ಯೋಗಿ ದಿವ್ಯ. ಅವಳು ಕಲ್ಲೆತ್ತಿದರೆ ಸಾಕು, ಅಡಿಯಲ್ಲಿ ಕಿರು ಸುಂಡಿಲಿ ಹಾಜರಾಗುತ್ತಿತ್ತು. ಇವತ್ತೂ ಬರಿಗೈಯಲ್ಲಿ ಬಂದರೆ ಕೆಲಸ ಅವಳಿಗೆ, ತನಗೆ ಮಾಸ್ತಿ ಬಸ್ಸು. ಮಾಸ್ತಿಯಲ್ಲಿ ಅಪ್ಪ ದೊಡ್ಡಮುನಿಯಪ್ಪ ಹಿಪ್ಪುನೇರಳೆ ತೋಟದ ಬದುವಿನ ಮೇಲೆ ನಿಂತು, "ಬಂದ್ಯಾ? ಇಲಿ ಹಿಡಿಯೋಕೆ ಎಮ್ಮೆಸ್ಸಿ ಯಾಕೋ, ನಮ್ಮ ಬೆಕ್ಕೇನು ಓದ್ಕೊಂಡಿತ್ತಾ ಅಂತ ಅವತ್ತೇ ಕೇಳಿದ್ದೆ" ಎನ್ನುವುದು ಈಗಲೇ ಕಿವಿಗೆ ಬೀಳುತ್ತಿತ್ತು. ಸೊಪ್ಪು ಕೊಯ್ಯುವುದಕ್ಕೆ ಅವನು ಹೆದರುವವನಲ್ಲ. ಆದರೆ ಈ ನಾರುವ, ಕಿರುಗಣ್ಣಿನ ಪ್ರಾಣಿಯ ಬೆನ್ನು ಹತ್ತಿ ಊರೂರು ಅಲೆಯುವ ಕೆಲಸ ಅವನಿಗೆ ತುಂಬ ಇಷ್ಟವಾಗಿಬಿಟ್ಟಿತ್ತು. ಇದನ್ನು ಬಿಟ್ಟು ಬದುಕಬೇಕು ಎಂದರೆ ಅವನಿಗೆ ನಿಜಕ್ಕೂ ಅಳು ಬರುತ್ತಿತ್ತು.

ಡಬ್ಬಗಳ ಸುತ್ತ ಹುಳ ಸೇರಲಿ, ಹುಳ ತಿನ್ನಲು ಸುಂಡಿಲಿ ಬರಲಿ ಎಂದು ಒಂದು ಚೀಲ ಒಣಮೀನು ಹಿಡಿದುಕೊಂಡು ಬಸ್ಸು ಹತ್ತಿದ. ಶ್ರೀನಿವಾಸಪುರ ದಾಟುವ ಹೊತ್ತಿಗೆ ಬಸ್ಸು ತುಂಬಿ ಜನ ಜೋತಾಡುತ್ತಿದ್ದರು. ಆದರೂ ಅವನ ಪಕ್ಕದ ಸೀಟು ಖಾಲಿಯೇ ಇತ್ತು. ಕಂಡಕ್ಟರ್ ಕೂಡ ದೂರದಿಂದಲೇ ಕೈ ಚಾಚಿ ಟಿಕೆಟ್ ಕೊಟ್ಟ.

ರಾಯಲ್ಪಾಡಿನಲ್ಲಿ ಇಳಿಯುತ್ತಿದ್ದಂತೆ ಆಟೋ ಆಂಜಿ ಓಡಿ ಬಂದ. ಹಿಂದಿನ ಸಂಜೆ ಮುರಳಿಯ ಜೊತೆ ಸೇರಿ ಮಾವಿನ ತೋಪಿನ ಕಲ್ಲುಗೋಡೆಯ ಬುಡದಲ್ಲಿ ಡಬ್ಬ ಹೂತಿದ್ದವನು ಅವನೇ.

"ಡಬ್ಬ ಎಲ್ಲಾ ಕಿತ್ತಾಕ್ಬುಟ್ಟವ್ರೆ ಸಾರ್!"

"ಯಾರೋ?"

"ಇನ್ಯಾರು ಸಾರ್, ಮೆಂಬರ್ ಚನ್ನರಾಯಪ್ಪನೋರು."

ಚನ್ನರಾಯಪ್ಪ ಪಂಚಾಯಿತಿ ಮೆಂಬರ್ ಆಗಿದ್ದು ಯಾವುದೋ ಕಾಲದಲ್ಲಿ. ಆಮೇಲೆ ಸೋತರೂ ಬಿರುದು ಹೋಗಿರಲಿಲ್ಲ, ಗತ್ತಂತೂ ಎರಡರಷ್ಟಾಗಿತ್ತು. ಟೀ ಅಂಗಡಿಯ ಬೆಂಚಿನ ಮೇಲೆ ಕಾಲು ಮಡಿಸಿ ಕೂತು, ಎದುರಿಗೆ ಮಣ್ಣು ಮೆತ್ತಿದ ಡಬ್ಬಗಳನ್ನು ಸಾಲಾಗಿ ಜೋಡಿಸಿಕೊಂಡಿದ್ದರು. ಸುತ್ತ ಊರೇ ನಿಂತಿತ್ತು.

"ಯಾರನ್ನ ಕೇಳಿ ಗುಂಡಿ ತೋಡ್ದೆ?"

"ಸರ್ವೆ ಸಾರ್. ಸುಂಡಿಲಿ ಸರ್ವೆ."

ಕೆಲವರು ಮುಖ ಮುಖ ನೋಡಿಕೊಂಡರು. "ಚುಂಚೆಲುಕ, ಚುಂಚೆಲುಕ" ಎಂದು ಆಂಜಿ ತೆಲುಗಿನಲ್ಲಿ ತಿಳಿಸಿ ಹೇಳಿದ.

"ನಂಗೂ ವಯಸ್ಸಾಗೈತೆ, ಬೇಕಾದಷ್ಟು ಸರ್ವೆ ನೋಡಿವ್ನಿ" ಎಂದರು ಚನ್ನರಾಯಪ್ಪ. "ಮೊದ್ಲು ಒಬ್ಬ ಬರ್ತಾನೆ, ಪ್ಯಾಂಟೆಲ್ಲಾ ಮಣ್ಣು ಮಾಡ್ಕೊಂಡು, ಬಲೇ ಒಳ್ಳೇವ್ನ ಹಂಗೆ. ಆಮೇಲೆ ನಕ್ಸೆಗೆ ಚುಕ್ಕಿ ಇಡ್ತಾನೆ. ಚುಕ್ಕಿ ಹಿಂದೇನೇ ಬೇಲಿ ಬರ್ತೈತೆ. ಇವತ್ತು ಸುಂಡಿಲಿ ಅಂತೀಯಾ. ನಾಳೆ ಫಾರೆಸ್ಟ್‌ನೋರು ಬಂದು, ಇದು ಸುಂಡಿಲಿ ಕಾಡು, ಯಾರೂ ಮಾವಿನಕಾಯಿ ಕೀಳಂಗಿಲ್ಲ ಅಂತಾರೆ."

ಜನ ಹೌದು ಹೌದು ಎಂದು ತಲೆಯಾಡಿಸಿದರು. ಬೇಲಿಯ ಮಾತು ಬಂದರೆ ಆ ಊರಿನಲ್ಲಿ ಪಕ್ಷಭೇದವಿಲ್ಲ.

ಇಲ್ಲಿ ಮುರಳಿ ಒಂದು ತಪ್ಪು ಮಾಡಿದ. ಚುಕ್ಕಿಯಿಂದ ಏನೂ ಆಗುವುದಿಲ್ಲ ಎಂದು ತೋರಿಸಲು ಚೀಲದಿಂದ ನಕ್ಷೆಯ ಪ್ರತಿ ತೆಗೆದು ಬೆಂಚಿನ ಮೇಲೆ ಹಾಸಿಬಿಟ್ಟ. "ನೋಡಿ ಸಾರ್, ಮುಳಬಾಗಿಲಲ್ಲಿ ಎಷ್ಟು ಹಸಿರು ಚುಕ್ಕಿ ಇದೆ. ಅಲ್ಲೇನಾದ್ರೂ ಬೇಲಿ ಬಂತಾ?"

ಚನ್ನರಾಯಪ್ಪ ಕನ್ನಡಕ ಏರಿಸಿ ಬಗ್ಗಿದರು. ಬೆರಳಿಟ್ಟು ಮಾಲೂರು ನೋಡಿದರು, ಮುಳಬಾಗಿಲು ನೋಡಿದರು. ಬೆರಳು ನಿಧಾನವಾಗಿ ಮೇಲಕ್ಕೆ ಸರಿದು ತಮ್ಮೂರಿನ ಮೇಲೆ ಬಂದು ನಿಂತಿತು. ಅವರ ಮುಖ ಕೆಂಪಾಯಿತು.

"ನಮ್ಮ ತಾಲ್ಲೂಕಿಗೆ ಎಲ್ಲಪ್ಪಾ?"

"ಇನ್ನೂ ಇಲ್ಲ ಸಾರ್. ಸಣ್ಣ ಸುಂಡಿಲಿ ಈ ಕಡೆ ಸಿಕ್ಕಿಲ್ಲ."

"ಸಿಕ್ಕಿಲ್ವಾ? ಬಸ್ಸು ಕೊಡೋವಾಗ ನಮ್ಮೂರು ಕಣ್ಣಿಗೆ ಬೀಳಲ್ಲ. ನೀರು ಕೊಡೋವಾಗ ಬೀಳಲ್ಲ. ಈಗ ಸುಂಡಿಲೀಲೂ ನಾವಿಲ್ವಾ? ಮುಳಬಾಗಿಲೋರಿಗೆ ಐತೆ, ನಮಗಿಲ್ವಾ?"

ಬೇಲಿಯ ಭಯ ಎತ್ತ ಹೋಯಿತೋ. ಚನ್ನರಾಯಪ್ಪ ಅಲ್ಲೇ ಫೋನ್ ತೆಗೆದು ಊರಿನ ವಾಟ್ಸಾಪ್ ಗುಂಪಿಗೆ ಗುಡುಗಿದರು: "ಮನೇಲಿ ಸುಂಡಿಲಿ ಇರೋರು ಎಲ್ಲಾ ತಕ್ಷಣ ಹಿಡ್ಕೊಂಡು ಟೀ ಅಂಗಡಿ ಹತ್ರ ಬರಬೇಕು. ಇದು ಊರಿನ ಮರ್ಯಾದೆ ಪ್ರಶ್ನೆ."

ಮಧ್ಯಾಹ್ನದ ಹೊತ್ತಿಗೆ ಟೀ ಅಂಗಡಿಯ ಮುಂದೆ ನಿಲ್ಲುವುದೇ ಕಷ್ಟವಾಯಿತು. ಟೊಮೇಟೊ ಕ್ರೇಟಿನಲ್ಲಿ, ಹಾಲಿನ ಕ್ಯಾನಿನಲ್ಲಿ, ದಿಂಬಿನ ಕವರಿನಲ್ಲಿ ಸುಂಡಿಲಿಗಳು ಬಂದವು. ಎಲ್ಲವೂ ದೊಡ್ಡವು, ಎಲ್ಲವೂ ಕೆಂಪು ಚುಕ್ಕಿಯವು. ಹೆದರಿದ ಸುಂಡಿಲಿ ಬಿಡುವ ನಾತ ಎಂಥದ್ದೆಂದು ತಿಳಿದವರಿಗೆ ವಿವರಿಸಬೇಕಾಗಿಲ್ಲ, ತಿಳಿಯದವರಿಗೆ ವಿವರಿಸಿದರೂ ನಂಬುವುದಿಲ್ಲ. ಟೀ ಅಂಗಡಿಯವನು ಹಾಲಿನ ಪಾತ್ರೆ ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಒಬ್ಬಾತ ಅಳಿಲು ಹಿಡಿದು ತಂದಿದ್ದ.

"ಇದು ದೊಡ್ಡ ಜಾತಿ ಅಮ್ಮಾ, ಬೇಡ" ಎಂದು ಮುರಳಿ ಒಬ್ಬ ಹೆಂಗಸಿಗೆ ಹೇಳಿದ.

"ನಮ್ಮನೇಲಿ ಇದೇ ಸಣ್ಣದು ಸಾರ್. ನೀವು ಎರಡು ದಿನ ಟೈಮ್ ಕೊಟ್ರೆ ಉಪವಾಸ ಕೆಡವಿ ಇನ್ನೂ ಇಳಿಸ್ಕೊಂಡು ಬರ್ತೀನಿ."

ಈ ಗದ್ದಲದಲ್ಲಿ ಆಂಜಿ ಆಟೋ ಸಮೇತ ಮಾಯವಾಗಿದ್ದ. ಮತ್ತೆ ಕಾಣಿಸಿಕೊಂಡಾಗ ಅವನ ಕೈಯಲ್ಲಿ ಒಂದು ಟಿಫಿನ್ ಡಬ್ಬಿ, ಮುಚ್ಚಳಕ್ಕೆ ಮೊಳೆಯಿಂದ ಹೊಡೆದ ತೂತುಗಳು. ಮುರಳಿ ಮುಚ್ಚಳ ಸರಿಸಿ ಇಣುಕಿದ. ಒಳಗೆ ಹುಲ್ಲಿನ ಮೇಲೆ, ಬೆರಳುದ್ದದ ಬೂದು ಮೈ, ಚೂಪು ಮೂತಿ, ಸಾಸಿವೆಯಂಥ ಕಣ್ಣು. ಕಿರು ಸುಂಡಿಲಿ! ಮೂರು ತಿಂಗಳು ಕನಸಿನಲ್ಲಿ ಮಾತ್ರ ಬರುತ್ತಿದ್ದ ಪ್ರಾಣಿ ಅಂಗೈ ಮೇಲಿನ ಡಬ್ಬಿಯಲ್ಲಿ ಕೂತು ಮೀಸೆ ಅಲ್ಲಾಡಿಸುತ್ತಿತ್ತು.

"ಎಲ್ಲಿ ಸಿಕ್ತೋ ಆಂಜಿ?"

"ಅದೆಲ್ಲಾ ಯಾಕೆ ಸಾರ್. ಮೊದ್ಲು ಚುಕ್ಕಿ ಇಡಿ."

"ಎಲ್ಲಿ ಸಿಕ್ತು ಹೇಳೋ."

ಆಂಜಿ ಕಾಲಲ್ಲಿ ನೆಲ ಕೆರೆದ. "ನಮ್ಮ ಬಾವ ಮುಳಬಾಗಿಲಲ್ಲಿ ಅವ್ನೆ ಸಾರ್. ಅವ್ರ ಹೊಲದಲ್ಲಿ ಕಲ್ಲೆತ್ತಿದ್ರೆ ಇವೇ ಇರ್ತವೆ. ಬೆಳಿಗ್ಗೇನೇ ಫೋನ್ ಮಾಡಿ ಹಿಡಿದಿಕ್ಕು ಅಂದಿದ್ದೆ."

ಮುರಳಿ ಅಲ್ಲೇ ಬೆಂಚಿನ ಮೇಲೆ ಕುಸಿದ. "ಆಗಲ್ಲ. ಮುಳಬಾಗಿಲಿನದಕ್ಕೆ ರಾಯಲ್ಪಾಡಿನಲ್ಲಿ ಚುಕ್ಕಿ ಇಡೋಕಾಗಲ್ಲ."

"ಯಾಕಾಗಲ್ಲ?" ಚನ್ನರಾಯಪ್ಪ ಎದ್ದು ನಿಂತರು. "ನಮ್ಮ ಸೊಸೆ ಮುಳಬಾಗಿಲೋಳು. ಇಲ್ಲಿಗೆ ಬಂದ್ಮೇಲೆ ರೇಷನ್ ಕಾರ್ಡಲ್ಲಿ ಹೆಸರು ಸೇರಿಸ್ಲಿಲ್ವಾ? ಇದೂ ಹಂಗೇ ಅಂದ್ಕೋ."

"ಅದು ಹಾಗಲ್ಲ ಸಾರ್..."

"ನಿಂಗೆ ಗೊತ್ತಿಲ್ಲ ಕಣಪ್ಪ. ಮನೇಲಿ ಇಲಿ ಸಿಕ್ರೂ ಸುಂಡಿಲಿ ಸಿಕ್ರೂ ನಾವು ಸಾಯ್ಸಲ್ಲ, ವಿನಾಯಕನ ವಾಹನ. ತಗೊಂಡೋಗಿ ಪಕ್ಕದೂರಿನ ಗಡೀಲಿ ಬಿಡ್ತೀವಿ. ಆ ಊರೋರು ಅವ್ರದ್ನ ತಂದು ನಮ್ಮ ಗಡೀಲಿ ಬಿಡ್ತಾರೆ. ಜಗಳ ಜಾಸ್ತಿಯಾದ ವರ್ಷ ಜಾಸ್ತಿ ಬಿಡ್ತಾರೆ. ಇದ್ರಲ್ಲಿ ಯಾವ್ದು ಯಾವೂರ್ದು ಅಂತ ಯಾರು ನೋಡ್ತಾರೆ?"

ಮುರಳಿಗೆ ಮೇಡಂ ಗೋಡೆಯ ನಕ್ಷೆ ಕಣ್ಣ ಮುಂದೆ ಬಂತು. ಆ ಕೆಂಪು ಚುಕ್ಕಿಗಳಲ್ಲಿ ಎಷ್ಟು ಸುಂಡಿಲಿಗಳ ಸ್ವಂತ ಕಾಲುಗಳಿಂದ ಹರಡಿದವೋ, ಎಷ್ಟು ಊರೂರುಗಳ ವೈಮನಸ್ಸಿನಿಂದ ಹರಡಿದವೋ, ದೇವರೇ ಬಲ್ಲ. ಹಾಗಿರುವಾಗ ಇನ್ನೊಂದು ಸುಳ್ಳು ಚುಕ್ಕಿ ಸೇರಿದರೆ ಏನಾದೀತು? ಯಾರಿಗೂ ತಿಳಿಯುವುದಿಲ್ಲ. ಕೆಲಸ ಸಿಗುತ್ತದೆ. ಅಪ್ಪನ ಬಾಯಿ ಮುಚ್ಚುತ್ತದೆ. ಜೇಬಿನಲ್ಲಿದ್ದ ಹಸಿರು ಪೆನ್ನಿನ ಮೇಲೆ ಅವನ ಕೈ ಹೋಯಿತು. ಅಷ್ಟರಲ್ಲಿ ಡಬ್ಬಿಯೊಳಗಿನ ಜೀವ ಸಣ್ಣಗೆ ಕಿರುಗುಟ್ಟಿತು. ಮುರಳಿ ಕೈ ಹಿಂದಕ್ಕೆ ತೆಗೆದುಕೊಂಡ.

"ಆಂಜಿ, ಇದು ಸ್ವಲ್ಪ ಹೊತ್ತು ತಿನ್ನದಿದ್ರೂ ಸತ್ತೋಗುತ್ತೆ. ನಾಲ್ಕು ಮಿಡತೆ ಹಿಡ್ಕೊಂಡು ಬಾ. ಆಮೇಲೆ ಎಲ್ಲಿಂದ ತಂದ್ಯೋ ಅಲ್ಲೇ ಬಿಟ್ಟು ಬಾ. ಇಲ್ಲಿ ಬಿಟ್ರೆ ನಕ್ಷೆ ಕೆಟ್ಟುಹೋಗುತ್ತೆ."

"ಮುಳಬಾಗಿಲಿಗಾ ಸಾರ್? ಮತ್ತೆ?"

"ಮತ್ತೆ."

ಊರಿನವರು ಅವನನ್ನು ಹುಚ್ಚನ ಹಾಗೆ ನೋಡಿದರು. ಅದೇ ಹೊತ್ತಿಗೆ ಜನರನ್ನು ಸೀಳಿಕೊಂಡು ದೊಡ್ಡವೆಂಕಟಮ್ಮ ಬಂದಳು. ಊರಿನ ಹಿರಿಯ ಅಜ್ಜಿ. ಶನಿವಾರ ವೆಂಕಟರಮಣನಿಗೆ ಒಪ್ಪೊತ್ತು ಇರುವವಳು. ಸೆರಗಿನಿಂದ ಮೂಗು ಮುಚ್ಚಿಕೊಂಡೇ ಬೈಯಲು ಶುರು ಮಾಡಿದಳು.

"ಶನಿವಾರದ ದಿನ ಏನ್ರೋ ಇದು? ಊರೆಲ್ಲಾ ಒಣಮೀನು, ಸುಂಡಿಲಿ ನಾತ! ಏನ್ಲಾ ಚನ್ನರಾಯ, ಮೆಂಬರಾಗಿ ಇದೇನಾ ನೀನು ಮಾಡೋದು?" ಎನ್ನುತ್ತ ಆಂಜಿಯ ಡಬ್ಬಿಯೊಳಕ್ಕೆ ಬಗ್ಗಿ ನೋಡಿದಳು. "ಅಯ್ಯೋ, ಇದಕ್ಕಾ ಇಷ್ಟು ರಾದ್ಧಾಂತ? ನಮ್ಮನೆ ಒರಳಿಗೆ ಬೀಳ್ತಾನೇ ಇರ್ತದಲ್ಲ ಇದು. ಈಗ್ಲೂ ಒಂದು ಬಿದ್ದೈತೆ. ಪೊರಕೇಲಿ ಎತ್ತಿ ಎತ್ತಿ ನಂಗೆ ಸೊಂಟ ಬಿದ್ದೋಗೈತೆ."

ಮರುಕ್ಷಣ ಊರಿಗೆ ಊರೇ ಅಜ್ಜಿಯ ಮನೆಯ ಕಡೆ ಓಡಿತು. ಎಲ್ಲರಿಗಿಂತ ಮುಂದೆ ಮುರಳಿ.

ಬಾಗಿಲಲ್ಲಿ ಅಜ್ಜಿ ಕೈ ಅಡ್ಡ ಹಿಡಿದಳು. "ಮೀನು ಮುಟ್ಟಿದ ಮೈಯಲ್ಲಿ ಒಳಗೆ ಬರಂಗಿಲ್ಲ. ಸ್ನಾನ ಮಾಡು."

"ಅಜ್ಜೀ, ಅಷ್ಟರಲ್ಲಿ ಅದು ಓಡಿಹೋದ್ರೆ..."

"ಒರಳಿಂದ ಎಲ್ಲಿಗೆ ಓಡೋಗ್ತೈತೆ? ಮಾಡು."

ಚನ್ನರಾಯಪ್ಪನ ಉಸ್ತುವಾರಿಯಲ್ಲಿ ನಾಲ್ಕು ಜನ ಮುರಳಿಯನ್ನು ತೊಟ್ಟಿಯ ಪಕ್ಕ ಕೂರಿಸಿ ಬಿಂದಿಗೆ ಬಿಂದಿಗೆ ತಣ್ಣೀರು ಸುರಿದರು. ಅಜ್ಜಿಯ ಮಗನ ಲುಂಗಿಯೊಂದು ಸಿಕ್ಕಿತು. ಮಗ ಗಜಗಾತ್ರದವನು. ಲುಂಗಿ ಮುರಳಿಗೆ ಎರಡು ಸುತ್ತು ಬಂದು ಇನ್ನೂ ಮಿಕ್ಕಿತು. ಹಲ್ಲು ಕಟಕಟ ಎನ್ನುತ್ತ, ಒಂದು ಕೈಯಲ್ಲಿ ಲುಂಗಿ, ಇನ್ನೊಂದು ಕೈಯಲ್ಲಿ ಅಳತೆಯ ಸಾಮಾನು ಹಿಡಿದು ಅವನು ಹಿತ್ತಿಲಿಗೆ ಹೋದ.

ಮಿಕ್ಸಿ ಬಂದ ಮೇಲೆ ಮೂಲೆಗೆ ಬಿದ್ದ ಒರಳು ಅದು. ನೆಲಮಟ್ಟಕ್ಕೆ ಹೂತ ಕಲ್ಲು, ನುಣುಪಾದ ಗುಂಡಿ, ಪಕ್ಕದಲ್ಲೇ ಹಳೆಯ ಕಲ್ಲುಗೋಡೆ. ಇದಕ್ಕಿಂತ ಒಳ್ಳೆಯ ಡಬ್ಬವನ್ನು ಮುರಳಿಗೆ ಎಲ್ಲಿಂದಲೂ ತರಲಾಗುತ್ತಿರಲಿಲ್ಲ. ನೆಲದ ಮೇಲೆ ಬೋರಲು ಮಲಗಿ, ಗುಂಡಿಯೊಳಗಿನ ಒಣ ಎಲೆಯೊಂದನ್ನು ಮೆಲ್ಲಗೆ ಎತ್ತಿದ. ಅಡಿಯಲ್ಲಿ ಬೆರಳುದ್ದದ ಬೂದು ಮೈ ಗಡಗಡ ನಡುಗುತ್ತಿತ್ತು.

ಮರಿಯಲ್ಲ, ಬೆಳೆದದ್ದೇ. ಬಾಲ ನೋಡಿದ, ಹಲ್ಲು ನೋಡಿದ, ತೂಗಿದ. ಹೆಣ್ಣು. ಅದೂ ಹಾಲೂಡುತ್ತಿರುವ ತಾಯಿ. ಗೋಡೆಯ ಸಂದಿಗೆ ಟಾರ್ಚು ಬಿಟ್ಟರೆ ಹುಲ್ಲಿನ ಗೂಡು, ಗೂಡಿನಲ್ಲಿ ಕಡಲೆಬೀಜದಂಥ ಮರಿಗಳು. ಯಾರೋ ತಂದು ಬಿಟ್ಟದ್ದಲ್ಲ, ಇಲ್ಲೇ ಸಂಸಾರ ಮಾಡಿಕೊಂಡಿರುವುದು.

"ಎಷ್ಟು ಕಾಲದಿಂದ ಬೀಳ್ತಾ ಇದೆ ಅಜ್ಜೀ?"

"ನಾನು ಈ ಮನೆಗೆ ಸೊಸೆಯಾಗಿ ಬಂದಾಗ್ಲಿಂದ. ನಮ್ಮತ್ತೆ ಕಾಲದಲ್ಲೂ ಬೀಳ್ತಿತ್ತಂತೆ."

ಮುರಳಿಯ ಕಣ್ಣಲ್ಲಿ ನೀರು ಬಂತು. ಅವನು ಅದನ್ನು ಒರೆಸಿಕೊಳ್ಳಲೂ ಇಲ್ಲ. ತಾಯಿಯ ಫೋಟೋ, ಗೂಡಿನ ಫೋಟೋ, ಅಳತೆ, ತೂಕ ಎಲ್ಲವನ್ನೂ ಅಲ್ಲಿಂದಲೇ ಮೇಡಂಗೆ ಕಳಿಸಿದ. ತಾಯಿಯನ್ನು ಗೋಡೆಯ ಸಂದಿಗೆ ಬಿಟ್ಟ. ನಕ್ಷೆ ಬಿಡಿಸಿ ಹಸಿರು ಪೆನ್ನನ್ನು ಚನ್ನರಾಯಪ್ಪನ ಕೈಗೇ ಕೊಟ್ಟ. ಚನ್ನರಾಯಪ್ಪ ಉಸಿರು ಬಿಗಿಹಿಡಿದು, ಖಾಲಿ ಜಾಗದ ನಟ್ಟನಡುವೆ ಅವರೆಕಾಳಿನಷ್ಟು ದಪ್ಪದ ಚುಕ್ಕಿ ಇಟ್ಟರು. ಊರು ಚಪ್ಪಾಳೆ ತಟ್ಟಿತು. ಅಜ್ಜಿ ದೇವರಿಗೆಂದು ಕಟ್ಟಿಟ್ಟಿದ್ದ ಕನಕಾಂಬರದ ಮಾಲೆಯನ್ನು ಯಾರೋ ತಂದು ಮುರಳಿಯ ಕೊರಳಿಗೆ ಹಾಕಿದರು. ಹತ್ತಾರು ಫೋನುಗಳು ಕ್ಲಿಕ್ಕೆಂದವು.

ಮಾತಾಡುವಷ್ಟು ಸಿಗ್ನಲ್ ಕೆಳಗೆ ಇರಲಿಲ್ಲ. ಮಾಲೆ ಸಮೇತ ಅಜ್ಜಿಯ ಮನೆಯ ತಾರಸಿ ಹತ್ತಿ ಮೇಡಂಗೆ ಫೋನ್ ಮಾಡಿದ.

"ಮೇಡಂ! ಸಿಕ್ತು ಮೇಡಂ! ಫೋಟೋ ನೋಡಿದ್ರಾ?"

"ನೋಡ್ದೆ. ಮನೆ ಸುಂಡಿಲಿ ಮರಿ ಇರಬಹುದಾ ಮುರಳಿ?"

"ಇಲ್ವೇ ಇಲ್ಲ ಮೇಡಂ. ಹಲ್ಲು ನೋಡಿದೀನಿ. ಹಾಲೂಡೋ ತಾಯಿ."

"ಯಾರಾದ್ರೂ ತಂದು ಬಿಟ್ಟಿರಬಹುದಾ?"

"ಅದನ್ನೂ ವಿಚಾರಿಸಿದೀನಿ ಮೇಡಂ. ತಲೆಮಾರಿನಿಂದ ಇಲ್ಲೇ ಇದೆ. ಗೂಡೂ ಇದೆ." ಮೌಖಿಕ ಪರೀಕ್ಷೆಯಲ್ಲಿ ಒಂದೊಂದು ಪ್ರಶ್ನೆಗೂ ಪಟಪಟನೆ ಉತ್ತರ ಹೇಳುವ ಹುಡುಗನ ಹಾಗೆ ಅವನು ಉಬ್ಬಿಹೋಗಿದ್ದ.

ಮೇಡಂ ದೊಡ್ಡದಾಗಿ ಉಸಿರು ಬಿಟ್ಟದ್ದು ಕೇಳಿಸಿತು. "ಎರಡನೇ ಹಂತ ಯಾವುದರ ಬಗ್ಗೆ ಅಂತ ನಿಮಗೆ ಹೇಳಿರಲಿಲ್ಲ ಅಲ್ವಾ?"

"ಇಲ್ಲ ಮೇಡಂ."

"ಕಿರು ಸುಂಡಿಲಿ ಮುಳಬಾಗಿಲವರೆಗೂ ಬಂದು, ಶ್ರೀನಿವಾಸಪುರ ತಾಲ್ಲೂಕಿಗೆ ಯಾಕೆ ಕಾಲಿಡಲ್ಲ ಅಂತ. ಮೂರು ವರ್ಷ ಅಧ್ಯಯನ ಮಾಡೋ ಯೋಜನೆ. ಇವತ್ತಿನದೊಂದು ಖಾಲಿ ರಿಪೋರ್ಟ್ ಬಂದಿದ್ರೆ ಸೋಮವಾರ ಮಂಜೂರಾಗ್ತಿತ್ತು."

"ಈಗ ಮೇಡಂ?"

"ಈಗ ಕಾಲಿಡುತ್ತಲ್ಲ. ಇನ್ನೇನು ಅಧ್ಯಯನ ಮಾಡೋದು?"

"ಅಂದ್ರೆ ಆ ಕೆಲಸ... ದಿವ್ಯಂಗೂ ಇಲ್ವಾ?"

"ದಿವ್ಯಂಗೆ ಯಾಕೆ ಕೊಡ್ಲಿ? ಅವಳು ಕಾಲಿಟ್ಟ ಕಡೆಯೆಲ್ಲಾ ಹಿಡೀತಾಳೆ. ಅದಕ್ಕೇ ರಾಯಲ್ಪಾಡಿಗೆ ನಿಮ್ಮನ್ನ ಕಳಿಸಿದ್ದು. ಯೋಜನೆಯಲ್ಲಿ ನಿಮ್ಮ ಹೆಸರೇ ಬರೆದಿದ್ದೆ."

ಮುರಳಿ ಸುತ್ತ ನೋಡಿ ದನಿ ತಗ್ಗಿಸಿದ. ಮಧ್ಯಾಹ್ನವೆಲ್ಲ ಊರಿಗೇ ಪ್ರಾಮಾಣಿಕತೆಯ ಪಾಠ ಹೇಳಿದ್ದ ಮನುಷ್ಯ. "ಮೇಡಂ, ಬೇಕಾದ್ರೆ... ನಾನು ಸರಿಯಾಗಿ ನೋಡಿಲ್ಲ ಅಂತ..."

"ಛೆ, ಹಾಗೆಲ್ಲಾ ಮಾಡೋಕಾಗಲ್ಲ. ಇರೋದು ಇದೆ. ಅದೂ ಅಲ್ದೆ, ಲುಂಗಿ ಉಟ್ಕೊಂಡು ಹಾರ ಹಾಕಿಸ್ಕೊಂಡಿರೋ ನಿಮ್ಮ ಫೋಟೋ ನನಗೆ ಆಗಲೇ ವಾಟ್ಸಾಪಲ್ಲಿ ಮೂರು ಕಡೆಯಿಂದ ಬಂದಿದೆ." ಮೇಡಂ ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾದ ಸಂಕಟವಿತ್ತು. "ಅಲ್ಲ ಮುರಳಿ, 'ಇಲ್ಲ' ಅಂತ ಹೇಳ್ಕೊಂಡು ಬರೋಕೆ ತಾನೇ ನಿಮ್ಮನ್ನ ಕಳಿಸಿದ್ದು? ಮೂರು ತಿಂಗಳಿಂದ ಏನೂ ಹಿಡೀದೆ ಎಷ್ಟು ಚೆನ್ನಾಗಿ ಕೆಲಸ ಮಾಡ್ತಾ ಇದ್ರಿ!"

ಫೋನ್ ಕಟ್ಟಾಯಿತು. ಮುರಳಿ ಮಾಲೆಯ ಹೂವೊಂದನ್ನು ಕಿತ್ತು ಕೈಯಲ್ಲಿ ಹೊಸಕುತ್ತ ನಿಂತ. ಕೆಳಗೆ ಹಿತ್ತಿಲಿನಲ್ಲಿ ಮತ್ತೆ ಕೇಕೆ ಎದ್ದಿತು. ಚನ್ನರಾಯಪ್ಪ ತಲೆಯೆತ್ತಿ ಸಂಭ್ರಮದಿಂದ ಕೂಗಿದರು.

"ಸಾರ್, ಬೇಗ ಇಳೀರಿ! ಒರಳಿಗೆ ಇನ್ನೊಂದು ಬಿದ್ದೈತೆ!"